ಮೊದಲು ಎದ್ದವರ ಭಾಷೆ

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಸರಿಯಾದ ಮಾತು ಹೊಳೆಯದ ಕಡೆ ಗೊತ್ತಿರುವ ಮಾತನ್ನೇ ಇಟ್ಟಿದ್ದೇನೆ. ನಡೆದದ್ದನ್ನು ಮಾತ್ರ ಬದಲಾಯಿಸಿಲ್ಲ. ಅನುಮಾನ ಬಂದ ಕಡೆ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಮ್ಮೂರಿನ ಶಶಿರೇಖಕ್ಕನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವಳ ಅತ್ತೆ ಅಕ್ಕಯ್ಯಮ್ಮ ಎರಡೇ ಪದಗಳಲ್ಲಿ ಮುಗಿಸುತ್ತಾರೆ.

“ಪೆಟ್ಟಿಗೆ ಕಾಯ್ತಾಳೆ.”

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳಿರುವುದು ಮೂರು ರಾಜ್ಯಗಳ ಸಾವಿರಾರು ಹಳ್ಳಿಗಳಿಂದ ಹಾಲು ಕೊಳ್ಳುವ ಒಂದು ದೊಡ್ಡ ಕಂಪನಿಯಲ್ಲಿ. ಹಸು ಸಾಕಿದವರಿಗೆಲ್ಲ ಕಂಪನಿ ಫೋನಿನಲ್ಲಿ ವಿಡಿಯೊ ಕೊಡುತ್ತದೆ. ಕೆಚ್ಚಲು ಬಾವು ಬಂದರೆ ಏನು ಮಾಡಬೇಕು, ಕರುವಿಗೆ ಜಂತಿನ ಔಷಧಿ ಯಾವಾಗ ಕುಡಿಸಬೇಕು ಎಂದು ದನದ ಡಾಕ್ಟರು ಹೇಳುತ್ತಾರೆ, ಕನ್ನಡ, ತೆಲುಗು, ತಮಿಳಿನಲ್ಲಿ ಫೋನು ಯಾವುದಕ್ಕೆ ಇಟ್ಟಿದೆಯೋ ಆ ಭಾಷೆಯಲ್ಲಿ. ಆ ವಿಡಿಯೊಗಳೆಲ್ಲ ಇರುವುದು ದೂರದ ಮುಂಬಯಿಯ ಕಂಪ್ಯೂಟರಿನಲ್ಲಿ. ಬೆಳಿಗ್ಗೆ ಹಾಲು ಕರೆದು ಮುಗಿಸಿ ಎಲ್ಲರೂ ಒಟ್ಟಿಗೆ ಅಲ್ಲಿಂದ ಎಳೆದರೆ ಡಾಕ್ಟರು ಬಾಯಿ ತೆರೆದುಕೊಂಡು ನಿಂತುಬಿಡುತ್ತಾರೆ, ಮುಂದಕ್ಕೆ ಹೋಗುವುದೇ ಇಲ್ಲ. ಅದಕ್ಕೆ ಊರೂರಿಗೆ ಒಂದು ಪೆಟ್ಟಿಗೆ ಇಡಬೇಕು. ಮೊದಲು ಯಾರೋ ಕೇಳಿದಾಗ ಪೆಟ್ಟಿಗೆ ಮುಂಬಯಿಯಿಂದ ಒಂದು ಸಲ ತರಿಸಿಕೊಂಡು ಪ್ರತಿ ಇಟ್ಟುಕೊಳ್ಳುತ್ತದೆ. ಆಮೇಲೆ ಕೇಳಿದವರಿಗೆಲ್ಲ ಆ ಪ್ರತಿಯನ್ನೇ ಕೊಡುತ್ತದೆ. ಪೆಟ್ಟಿಗೆ ಎಲ್ಲಿಡಬೇಕು, ಎಷ್ಟು ದೊಡ್ಡದಿರಬೇಕು, ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಎಂಬ ನಕ್ಷೆ ಶಶಿರೇಖಕ್ಕನದು.

ಮೊದಲ ಪೆಟ್ಟಿಗೆಯನ್ನು ಬಂಗಾರಪೇಟೆಯ ಹಾಲು ತಂಪು ಮಾಡುವ ಕೇಂದ್ರದ ಹಿಂದಿನ ಕೋಣೆಯಲ್ಲಿ ಇಟ್ಟರು. ಕೆಜಿಎಫ್‌ನಿಂದ ಕಾಮಸಮುದ್ರದವರೆಗೆ ಎಲ್ಲರಿಗೂ ಅದೇ. ಕೇಂದ್ರ ನೋಡಿಕೊಳ್ಳುವ ಆದಿನಾರಾಯಣಪ್ಪನಿಗೆ ಮೊದಲ ದಿನದಿಂದಲೂ ಅದರ ಮೇಲೆ ಮುನಿಸು.

“ಟ್ಯಾಂಕಿನ ಆಲೂ ತಣ್ಗಿರ್ಬೇಕು, ನಿನ್ ಪೆಟ್ಟಿಗೇನೂ ತಣ್ಗಿರ್ಬೇಕು, ಆದಿನಾರಾಯಣ ಒಬ್ಬ ಬೇಯ್ಬೇಕು. ಇದೆಲ್ಲಿ ನ್ಯಾಯ ಕಣಮ್ಮ?”

ಮೂರು ತಿಂಗಳು ಈ ಪೆಟ್ಟಿಗೆ ಚೆನ್ನಾಗಿ ನಡೆದರೆ ಅದೇ ನಕ್ಷೆಯಲ್ಲಿ ಇನ್ನೂ ನಲವತ್ತು ಊರಿಗೆ ಇಡುತ್ತೇವೆ ಎಂದಿತ್ತು ಕಂಪನಿ. ನಡೆಯದಿದ್ದರೆ ಕೆಲಸ ಹೊರಗಿನವರಿಗೆ, ಶಶಿರೇಖಕ್ಕ ಬೆಂಗಳೂರಿನ ಆಫೀಸಿನಲ್ಲಿ ಫೋನ್ ಎತ್ತುವ ಕುರ್ಚಿಗೆ. ಅವಳ ನಕ್ಷೆಯಂತೆ ಲೋಕದಲ್ಲಿ ಏನಾದರೂ ಕಟ್ಟಿದ್ದು ಇದೇ ಮೊದಲು. ಹಾಗಾಗಿ ಪ್ರತಿ ಶನಿವಾರ ವರದಿ ಬರೆಯುವಾಗ ದೂರುಗಳ ಕಾಲಂನಲ್ಲಿ ಸೊನ್ನೆ ಹಾಕಿ, ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

“ಈ ವಾರಾನೂ ಸೊನ್ನೆ, ಅತ್ತೆ.”

“ಸೊನ್ನೆ ತಗಂಡು ಇಷ್ಟು ಕುಣಿಯೋಳ್ನ ಇವಳೊಬ್ಳನ್ನೇ ನಾನು ನೋಡಿದ್ದು,” ಎನ್ನುತ್ತಿದ್ದರು ಅಕ್ಕಯ್ಯಮ್ಮ.

ಎರಡೂವರೆ ತಿಂಗಳು ಹೀಗೆ ಹೋಯಿತು. ಶುಕ್ರವಾರ ಬೆಂಗಳೂರಿನಿಂದ ಚಿರಂಜೀವಿ ಸಾರ್ ಬಂದು ಪೆಟ್ಟಿಗೆ ನೋಡುವುದೆಂದು ಗೊತ್ತಾಯಿತು. ಅವಳ ವಿಭಾಗಕ್ಕೆ ಅವರೇ ಮೇಲಿನವರು. ಅದೇ ವಾರದ ಸೋಮವಾರ ಶಶಿರೇಖಕ್ಕ ಕೇಂದ್ರಕ್ಕೆ ಹೋದಾಗ ಆದಿನಾರಾಯಣಪ್ಪ ಫೋನು ನೋಡುತ್ತಾ ಕೂತಿದ್ದ.

“ಇವತ್ತು ಡಾಕ್ಟ್ರು ಮತ್ತೆ ತೆಲುಗಿಗೆ ಬಂದವ್ರೆ,” ಎಂದ. “ಮೂರು ದಿನ ತಮಿಳಾಗಿತ್ತು.”

“ನಿಮ್ಮ ಫೋನು ಕನ್ನಡದಾಗಲ್ವಾ ಇರೋದು?”

“ಔದು.”

“ಮತ್ತೆ ಕನ್ನಡ ಬರ್ಬೇಕಲ್ಲ.”

“ನಾನೆಂಗಮ್ಮ ಏಳ್ಲಿ? ದಿನಕ್ಕೊಬ್ರು ಡಾಕ್ಟ್ರು ಡ್ಯೂಟಿಗೆ ಬತ್ತಾರೆ ಅನ್ಕಂಡೆ.”

ಶಶಿರೇಖಕ್ಕ ಒಳಗೆ ಹೋಗಿ ಪೆಟ್ಟಿಗೆಯ ದಿನಚರಿ ತೆಗೆದಳು. ದಿನಾ ಬೆಳಗಿನ ನಾಲ್ಕಕ್ಕೆ ಪೆಟ್ಟಿಗೆ ಹಳೆಯ ಪ್ರತಿಗಳನ್ನು ಬಿಸಾಡುತ್ತದೆ. ಆಮೇಲೆ ಮೊದಲು ಯಾರು ಕೇಳಿದರು ಎಂದು ನೋಡಿದಳು. ಹೆಚ್ಚುಕಡಿಮೆ ಎಲ್ಲ ದಿನವೂ ನಾಲ್ಕೂ ನಲವತ್ತಕ್ಕೆ ಒಂದೇ ನಂಬರು. ಅದು ಅವಳ ಮನೆಯದೇ. ಕೊಟ್ಟಿಗೆಗೆ ಹೋಗುವ ಮೊದಲು ಅಕ್ಕಯ್ಯಮ್ಮ ವಿಡಿಯೊ ನೋಡುತ್ತಿದ್ದರು, ಮತ್ತು ತವರು ಗಡಿಯಾಚೆಯ ಊರಾದ್ದರಿಂದ ಅವರ ಫೋನು ತೆಲುಗಿನಲ್ಲಿತ್ತು. ಕಳೆದ ವಾರ ಅವರು ತಂಗಿಯ ಮನೆಗೆ ಹೋದ ಮೂರು ದಿನ ಮಾತ್ರ ಬೇರೆ ನಂಬರು. ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ್ದ ಹಳೇ ಲೈನು ಮನೆಯಲ್ಲಿ ಒಂದು ಹಸು ಸಾಕಿಕೊಂಡಿರುವ ಪುಷ್ಪನದು. ಅವಳ ಫೋನು ತಮಿಳಿನಲ್ಲಿ.

ತಪ್ಪು ಶಶಿರೇಖಕ್ಕನದೇ. ಪ್ರತಿ ಇಟ್ಟುಕೊಳ್ಳುವಾಗ ವಿಡಿಯೊದ ಹೆಸರು ಬರೆದುಕೋ ಎಂದು ಪೆಟ್ಟಿಗೆಗೆ ಹೇಳಿದ್ದಳು, ಭಾಷೆಯನ್ನೂ ಬರೆದುಕೋ ಎನ್ನುವುದನ್ನು ಮರೆತಿದ್ದಳು. ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಅಲ್ಲಿನ ಫೋನುಗಳೆಲ್ಲ ಕನ್ನಡಕ್ಕೇ ಇದ್ದವು, ಗೊತ್ತಾಗಲಿಲ್ಲ. ಇಲ್ಲಿ ಮೊದಲು ಎದ್ದವರ ಭಾಷೆಯೇ ಆ ದಿನ ಎಲ್ಲರ ಭಾಷೆ. ಬೇರೆ ಊರಾಗಿದ್ದರೆ ಮೊದಲ ದಿನವೇ ಗಲಾಟೆಯಾಗುತ್ತಿತ್ತು. ಇಲ್ಲಿ ತರಕಾರಿ ಕೊಳ್ಳುವಷ್ಟರಲ್ಲೇ ಮೂರು ಭಾಷೆ ಆಡಿ ಮುಗಿಸುವ ಜನ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವತ್ತು ಸಂಜೆ ಶಶಿರೇಖಕ್ಕ ಅತ್ತೆಯ ಪಕ್ಕದಲ್ಲಿ ಮೆತ್ತಗೆ ಕೂತಳು.

“ಅತ್ತೆ, ಶುಕ್ರವಾರದ ಗಂಟ ನಿಮ್ಮ ಫೋನು ಕನ್ನಡಕ್ಕೆ ಹಾಕ್ಲಾ?”

“ಯಾಕಮ್ಮಿ? ನನ್ ಫೋನ್ಗೇನಾಗದೆ?”

ಶಶಿರೇಖಕ್ಕ ಎಲ್ಲ ಹೇಳಿದಳು. ಅಕ್ಕಯ್ಯಮ್ಮ ಪೂರ್ತಿ ಕೇಳಿ, ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು.

“ಅಂದ್ರೆ ನಿನ್ ಪೆಟ್ಟಿಗೆ ಕೆಟ್ರೆ ನಾನು ರಿಪೇರಿ ಆಗ್ಬೇಕಾ? ಓಗಮ್ಮ, ಓಗಿ ಅದನ್ನೇ ಸರಿ ಮಾಡು.”

ಬುಧವಾರದ ಹೊತ್ತಿಗೆ ಸರಿ ಮಾಡಿದಳು. ಎಲ್ಲರಿಗೂ ಅವರವರ ಭಾಷೆ ಬಂತು. ಆದರೆ ಒಂದಿದ್ದ ಕಡೆ ಮೂರು ಪ್ರತಿ ಕೂತು, ಗುರುವಾರ ಬೆಳಿಗ್ಗೆಯೇ ಪೆಟ್ಟಿಗೆ ತುಂಬಿಹೋಯಿತು. ಅವಳ ನಕ್ಷೆಯ ಪೆಟ್ಟಿಗೆಯೇ ಚಿಕ್ಕದು ಎಂದಾಯಿತು. ಕೆಲವು ವಿಡಿಯೊಗಳನ್ನು ಪೆಟ್ಟಿಗೆಯ ಪಟ್ಟಿಯಿಂದಲೇ ಅಳಿಸಿದರೆ ಶುಕ್ರವಾರ ಒಂದು ದಿನ ತಡೆಯುತ್ತಿತ್ತು, ನೋಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಸೊನ್ನೆಗಳೂ ಹಾಗೇ ಉಳಿಯುತ್ತಿದ್ದವು. ಅಳಿಸಲು ಕೂತಳು. ಮೊದಲು ಸಿಕ್ಕಿದ್ದೇ ಕೆಚ್ಚಲು ಬಾವಿನ ವಿಡಿಯೊ. ನಾಳೆ ಯಾರ ಹಸುವಿಗೆ ಅದು ಬೇಕಾಗುತ್ತದೋ ಎಂದು ಅಳಿಸದೆ ಎದ್ದುಬಂದಳು.

ಶುಕ್ರವಾರ ಚಿರಂಜೀವಿ ಸಾರ್ ಬಂದು ಟೀ ಕುಡಿದು, ವರದಿಗಳನ್ನು ತಿರುವಿ ಹಾಕಿದರು.

“ಹತ್ತು ವಾರ ಒಂದು ದೂರೂ ಇಲ್ಲ. ಚೆನ್ನಾಗಿದೆ ಶಶಿರೇಖ ಅವರೇ.”

“ಆ ಸೊನ್ನೆ ನಂಬಬೇಡಿ ಸಾರ್.”

“ಯಾಕೆ, ದೂರು ಬಂದಿತ್ತಾ?”

“ಬರಲೇ ಇಲ್ಲ ಸಾರ್. ತೊಂದರೆ ಆಗಿದ್ದೇ ಅಲ್ಲಿ.”

ಅವಳು ಮೊದಲಿಂದ ಹೇಳಿದಳು, ಅತ್ತೆಯ ಫೋನನ್ನೂ ತುಂಬಿಹೋದ ಪೆಟ್ಟಿಗೆಯನ್ನೂ ಬಿಡದೆ. ಸಾರ್ ನಂಬಲಾರದೆ ಆದಿನಾರಾಯಣಪ್ಪನನ್ನು ಕರೆದರು.

“ಎರಡೂವರೆ ತಿಂಗಳು ತೆಲುಗಿನಲ್ಲಿ ಬಂದರೂ ನೀವು ಒಂದು ಫೋನ್ ಮಾಡಲಿಲ್ವಾ?”

“ಡಾಕ್ಟ್ರು ಏಳ್ದಂಗೆ ಮಾಡ್ದೆ, ಅಸೀನ ಕೆಚ್ಲು ವಾಸಿ ಆಯ್ತು. ಇನ್ನೇನಂತ ದೂರು ಕೊಡ್ಲಿ ಸಾ?” ಎಂದು ಅವನು ಅವರನ್ನೇ ಕೇಳಿದ.

ಸಾರ್ ವರದಿಗಳನ್ನು ಮಡಚಿ ಬ್ಯಾಗಿಗೆ ಹಾಕಿದರು.

“ನಲವತ್ತು ಈಗ ಆಗಲ್ಲ,” ಎಂದರು. “ರಾಜ್ಯಕ್ಕೊಂದರಂತೆ ಮೂರು. ದೊಡ್ಡ ಪೆಟ್ಟಿಗೆಗೆ ನಕ್ಷೆ ತಿದ್ದಿ ಕೊಡಿ, ಅದೂ ನಿಮ್ಮದೇ ಇರಲಿ. ದೂರಿನ ಕಾಲಂ ಮಾತ್ರ ನನಗೆ ಕಳಿಸಬೇಡಿ. ಜನರನ್ನ ಕೇಳಿ ಬರೆದು ಕಳಿಸಿ.”

ಶಶಿರೇಖಕ್ಕ ಮನೆಗೆ ಬಂದು ಹೇಳಿದಾಗ ಅಕ್ಕಯ್ಯಮ್ಮ ಕಾಯುತ್ತಲೇ ಇದ್ದರು.

“ನಲ್ವತ್ತಕ್ಕೆ ಓಗಿ ಮೂರು ತಂದ್ಯಾ? ಓಗ್ಲಿ ಬಿಡು. ನನ್ನೆಸ್ರು ಏಳ್ದೇನಮ್ಮಿ ಆ ಸಾರ್ಗೆ?”

“ಹೇಳ್ದೆ ಅತ್ತೆ. ಇಡೀ ಸೀಮೆ ಯಾವ ಭಾಷೆ ಕೇಳ್ಬೇಕು ಅಂತ ನಮ್ಮತ್ತೆ ತೀರ್ಮಾನ ಮಾಡ್ತಿದ್ರು ಅಂದೆ.”

ಅಕ್ಕಯ್ಯಮ್ಮ ಸೆರಗು ಸರಿಮಾಡಿಕೊಂಡರು.

“ಇನ್ಮ್ಯಾಕೆ ಎಲ್ಲಾರ್ಗೂ ಅವ್ರವ್ರ್ದೇ ಬತ್ತದಾ?”

“ಊಂ.”

“ಪಾಪ, ಆ ಪುಷ್ಪ ಈಗ್ತಾನೆ ತೆಲುಗು ಚೆನ್ನಾಗಿ ಕಲೀತಿದ್ಲೇನೋ.”

ಸೋಮವಾರ ಬೆಳಿಗ್ಗೆ ಶಶಿರೇಖಕ್ಕ ಮೊದಲ ಬಸ್ಸಿಗೆ ಕೋರಮಂಡಲ್‌ಗೆ ಹೋಗುತ್ತಾಳೆ. ಹಾಲು ಹಾಕುವ ಒಂದೊಂದು ಮನೆಯಲ್ಲೂ ಕೂತು, ಅವರ ಫೋನಿನಲ್ಲಿ ಡಾಕ್ಟರು ಯಾವ ಭಾಷೆ ಆಡಿದರು ಎಂದು ತಾನೇ ಕೇಳಿಸಿಕೊಂಡು ಬರೆದುಕೊಳ್ಳುತ್ತಾಳೆ.