ಗೋಡೆ ಯಾರದೋ ಮಾತೂ ಅವರದೇ

ನಂದಿಗುಡಿಯ ಕೆಂಚವೀರಪ್ಪನಿಗೆ ಈಗ ಎಡಗಾಲಿನ ಹೆಬ್ಬೆರಳಿಲ್ಲ. ಕತ್ತರಿಸಿದ್ದು ಡಾಕ್ಟರು. ಕತ್ತರಿಸಲೇಬೇಕಾದ ಸ್ಥಿತಿಗೆ ತಂದದ್ದು ಒಂದು ಜಾಹೀರಾತು. ಆ ಜಾಹೀರಾತು ಬಂದದ್ದು ಉಚ್ಚೆಂಗೆಮ್ಮನ ವೆಬ್‌ಸೈಟಿನಲ್ಲಿ.

ಉಚ್ಚೆಂಗೆಮ್ಮ ಹರಿಹರದಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಸಕ್ಕರೆ ಕಾಯಿಲೆಯವರು ಎಷ್ಟು ರೊಟ್ಟಿ ತಿನ್ನಬೇಕು, ಕಾಲಿನ ಗಾಯ ಹೇಗೆ ನೋಡಿಕೊಳ್ಳಬೇಕು, ಹಗುರವೆಂದು ಮಂಡಕ್ಕಿಯನ್ನು ಬೊಗಸೆಗಟ್ಟಲೆ ಮುಕ್ಕಿದರೆ ಏನಾಗುತ್ತದೆ, ಎಲ್ಲವನ್ನೂ ತಮ್ಮ ಮಾತಿನ ಧಾಟಿಯಲ್ಲೇ ಬರೆದು ಒಂದು ವೆಬ್‌ಸೈಟಿಗೆ ಹಾಕಿದರು. "ಇದು ನನ್ನ ಗ್ವಾಡಿ, ಬಂದು ಓದ್ರಿ" ಎಂದು ಮನೆಯ ಗೋಡೆಯನ್ನೇ ತೋರಿಸುವವರಂತೆ ಸಿಕ್ಕವರಿಗೆಲ್ಲ ಹೇಳಿದರು. ಜನ ಓದಿದರು. ಓದಲು ಬಾರದವರಿಗೆ ಸೊಸೆಯಂದಿರು ಓದಿ ಹೇಳಿದರು.

ಹೋದ ವರ್ಷ ದಾವಣಗೆರೆಯಲ್ಲಿ ಇಂಟರ್‌ನೆಟ್ ಮಾರ್ಕೆಟಿಂಗ್ ಸಮ್ಮೇಳನವೊಂದು ನಡೆಯಿತು. ಕಲಿಯುವ ಆಸೆಯಿಂದ ಹೋದರು. ಅಲ್ಲಿ ಅಂಜನ್ ಎಂಬ ಸೂಟಿನವ ಅವರನ್ನು ತನ್ನ ಜಾಹೀರಾತು ಜಾಲಕ್ಕೆ ಸೇರಿಸಿಕೊಂಡ. "ನಮ್ಮ ತಾಯಿಗೂ ಶುಗರ್ ಐತೆ ಮೇಡಂ, ನಿಮ್ಮ ಸೈಟು ಭಾಳ ಚಲೋ ಐತೆ. ನೀವು ಜಾಗ ಕೊಡ್ರಿ ಸಾಕು, ಜಾಹೀರಾತು ನಾವು ತುಂಬ್ತೀವಿ."

ಉಚ್ಚೆಂಗೆಮ್ಮ ಇದನ್ನು ಊರಿನ ಗೋಡೆಯಂತೆಯೇ ತಿಳಿದರು. ಅವರ ತವರು ಕೊಂಡಜ್ಜಿಯಲ್ಲಿ ಸಿಮೆಂಟಿನವರಾಗಲಿ ಗೊಬ್ಬರದವರಾಗಲಿ ಗೋಡೆಗೆ ಬಣ್ಣ ಹಚ್ಚುವ ಮುಂಚೆ ಮನೆಯವರನ್ನು ಕೇಳುತ್ತಾರೆ. ಏನು ಬರೆಯುತ್ತೇವೆಂದು ಹೇಳುತ್ತಾರೆ. ಬೇಡವೆಂದರೆ ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಈ ಜಾಲದವರೂ ಕೇಳಿಯಾರು ಎಂದು ನಂಬಿದರು. ಇವರು ಕೇಳಲಿಲ್ಲ. ಇನ್ನೊಂದು ಮೋಸವೂ ಇತ್ತು: ಒಬ್ಬೊಬ್ಬರ ಫೋನಿಗೆ ಒಂದೊಂದು ಜಾಹೀರಾತು. ಉಚ್ಚೆಂಗೆಮ್ಮನಿಗೆ ಕಂಡದ್ದು ಸೀರೆ, ಕುಕ್ಕರು. ಕೆಂಚವೀರಪ್ಪನಿಗೆ ಕಂಡದ್ದು, "ಇಪ್ಪತ್ತೊಂದು ದಿನ ಈ ಪುಡಿ, ಆಮೇಲೆ ಶುಗರ್ ಮಾತ್ರೆಯೇ ಬೇಡ."

ಆತ ಪುಡಿ ತರಿಸಿದ, ಮಾತ್ರೆ ಬಿಟ್ಟ. ಗದ್ದೆಯಲ್ಲಿ ಕಾಲಿಗೆ ಕಲ್ಲು ತಾಗಿತು. ಗಾಯ ಕೊಳೆಯಿತು.

ಸುದ್ದಿ ತಿಳಿದು ಉಚ್ಚೆಂಗೆಮ್ಮ ಆಸ್ಪತ್ರೆಗೆ ಓಡಿದರು. "ಮಾತ್ರೆ ಬಿಡ್ರಿ ಅಂತ ನಾನ್ಯಾವಾಗ ಹೇಳಿದೆ ಕೆಂಚವೀರಪ್ಪಾರ?"

ಆತ ದಿಂಬಿನಡಿಯಿಂದ ಫೋನು ತೆಗೆದು ತೋರಿಸಿದ. "ನಿಮ್ಮ ಗ್ವಾಡಿ ಮ್ಯಾಲೆ ಐತೆ ನರ್ಸಮ್ಮ. ನಿಮ್ಮ ಮಾತು ಅಲ್ಲೇನ್ರಿ?"

ಆತನ ಹೆಂಡತಿ ಹಂಪವ್ವ ಕಿತ್ತಳೆ ಸುಲಿಯುತ್ತ ಅಂದಳು, "ನಾನು ಹೇಳಿದ್ರೆ ಕಿವಿಗೇ ಹಾಕ್ಕಳಲ್ಲ. ಫೋನು ಹೇಳಿದ್ರೆ ದೇವರ ಅಪ್ಪಣೆ."

ಉಚ್ಚೆಂಗೆಮ್ಮ ಅಂಜನ್‌ಗೆ ಮೂರು ಸಲ ಫೋನ್ ಮಾಡಿದರು. "ಅದು ಸಿಸ್ಟಮ್ ಮಾಡುತ್ತೆ ಮೇಡಂ" ಎಂಬುದೇ ಮೂರು ಸಲದ ಉತ್ತರ. ನಾಲ್ಕನೆಯ ಸಲ ಅವನೇ ಮಾಡಿದ. "ಈ ವರ್ಷದ ಸಮ್ಮೇಳನದಾಗ ನಿಮಗೆ ಸನ್ಮಾನ ಮೇಡಂ. ನಮ್ಮ ಕನ್ನಡ ಸೈಟ್‌ಗಳಲ್ಲಿ ನಿಮ್ಮದೇ ಫಸ್ಟ್." ಉಚ್ಚೆಂಗೆಮ್ಮ ಬರುತ್ತೇನೆಂದರು.

ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಸನ್ಮಾನ ಮಾಡಿಸಿಕೊಂಡವರು ಎರಡು ಮಾತಾಡಬೇಕಲ್ಲ, ಅಂಜನ್ ಮೈಕು ಕೈಗಿತ್ತ. ಉಚ್ಚೆಂಗೆಮ್ಮ ಆ ಪುಡಿಯ ಜಾಹೀರಾತನ್ನು ಅಕ್ಷರ ಬಿಡದೆ ಓದಿದರು. ಕೆಂಚವೀರಪ್ಪನ ಬೆರಳಿನ ಕಥೆ ಹೇಳಿದರು.

"ಮೇಡಂ, ಅದನ್ನ ಕೆಳಗಿಳಿದು ಮಾತಾಡಾಣ."

"ಕೆಳಗಿದ್ದು ಮೂರು ಸಲ ಕೇಳೀನಿ. ಅದಕ್ಕೇ ಮ್ಯಾಲೆ ಬಂದೀನಿ. ನಿಮ್ಮ ತಾಯಿಯವರಿಗೂ ಶುಗರ್ ಐತೆ ಅಂದಿದ್ರಿ. ಅವರಿಗೆ ಈ ಪುಡಿ ಕೊಡ್ತೀರೇನು?"

"ಇಲ್ಲ ಮೇಡಂ, ಅವರು ಡಾಕ್ಟರು ಬರಕೊಟ್ಟ ಮಾತ್ರೆ ತಗಳ್ತಾರೆ."

ಮೈಕು ಅದನ್ನೂ ಹಿಡಿದು ಸಭೆಗೆಲ್ಲ ಕೇಳಿಸಿತು. ಯಾರೋ ನಕ್ಕರು.

ಅಂಜನ್ ಬೆವರೊರೆಸಿಕೊಂಡ. "ಆ ಪುಡಿ ಇವತ್ತೇ ತೆಗೆಸ್ತೀನಿ."

"ಮುಂದ ಏನು ಹಾಕ್ತೀರಂತ ನನ್ನ ಕೇಳ್ತೀರಾ?"

"ಸಾವಿರಾರು ಸೈಟ್ ಇರ್ತವೆ ಮೇಡಂ. ಒಬ್ಬೊಬ್ಬರನ್ನ ಕೇಳಾಕಾಗುತ್ತಾ?"

"ಗ್ವಾಡಿಗೆ ಬರಿಯೋನು ಉರಿ ಬಿಸಿಲಾಗ ಮನಿ ಮನಿ ಬಾಗಿಲು ಬಡಿದು ಕೇಳ್ತಾನ. ಏಸಿ ರೂಮಿನಾಗ ಕುಂತ ನಿಮಗೆ ಆಗಲ್ಲ."

ಶಾಲು ಮಡಚಿ ಬುಟ್ಟಿಯ ಮೇಲಿಟ್ಟು ಇಳಿದರು. ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಫೋನಿನಲ್ಲೇ ಹುಡುಕಿ ಹುಡುಕಿ, ಜಾಹೀರಾತು ತರುತ್ತಿದ್ದ ಆ ಜಾಲದ ಕೋಡ್ ಸಾಲುಗಳನ್ನು ತಮ್ಮ ಸೈಟಿನಿಂದ ಕಿತ್ತುಹಾಕಿದರು. ಅರ್ಧ ಗಂಟೆ ಹಿಡಿಯಿತು. ವೇದಿಕೆಯ ಮೇಲೆ ಯಾರೋ ಕ್ಲಿಕ್ ಹೆಚ್ಚಿಸುವ ಹತ್ತು ದಾರಿಗಳನ್ನು ಹೇಳುತ್ತಲೇ ಇದ್ದರು. ಬಣ್ಣದ ಡಬ್ಬಿ ಹೊತ್ತವನಿಗಿರುವ ಮಾನ ಅಷ್ಟು ಸೂಟುಗಳಲ್ಲಿ ಒಂದಕ್ಕೂ ಇರಲಿಲ್ಲ. ಎದ್ದು ನಿಂತು ಕೇಳಿದ್ದು ಈ ಮುದುಕಿ ಒಬ್ಬರೇ.

ಮರುದಿನ ನಂದಿಗುಡಿಯ ಬಸ್ಸು ಹತ್ತಿದರು. ಕೆಂಚವೀರಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ.

"ನಿಮ್ಮ ಬೆರಳಿನ ಸುದ್ದಿ ನನ್ನ ಗ್ವಾಡಿ ಮ್ಯಾಲೆ ಬರೀಬೇಕು ಅಂತೀನಿ. ಬರೀಲೇನ್ರಿ?"

ಆತ ಬ್ಯಾಂಡೇಜು ಸರಿಪಡಿಸಿಕೊಂಡ. "ಬರೀರಿ. ಹೆಸರೂ ಹಾಕ್ರಿ. ನಿಮ್ಮದೂ ತಪ್ಪೈತೆ ಅಂತನೂ ಬರೀರಿ."

"ಅದನ್ನ ಮೊದಲು ಬರೀತೀನಿ."

ಆ ಸೈಟು ತೆರೆದರೆ ಇವತ್ತು ಎಲ್ಲಕ್ಕಿಂತ ಮೇಲೆ ಕಾಣುವ ಸಾಲು ಅದೇ: "ಈ ಗೋಡೆಯ ಮೇಲೆ ಒಂದು ಸುಳ್ಳು ಬಂದಿತ್ತು. ಬರೆದವರು ಬೇರೆ. ಹೊಣೆ ನನ್ನದು."