ವಂಡ್ಸೆಯ ಜೇನು ಹಂಗಾರಕಟ್ಟೆಗೆ ಹೋಗಿ ಬಂದದ್ದು

ವಂಡ್ಸೆ ಬಿಡುವಾಗ ಹೊತ್ತು ಮುಳುಗುತ್ತಿತ್ತು. ಬಾಡಿಗೆ ಓಮ್ನಿ ಓಡಿಸುತ್ತಿದ್ದವನು ನಾನು. ಹಿಂದಿನ ಸೀಟಿನಲ್ಲಿ ಹೆಂಡತಿಯ ತಂಗಿ ಶೈಲಜಾ, ಅವಳ ತೊಡೆಯ ಮೇಲೆ ಗುಂಯ್‌ಗುಡುವ ಜೇನುಪೆಟ್ಟಿಗೆ. ಶೈಲಜಾ ಬೆಂಗಳೂರಿನಲ್ಲಿ ಮೆದುಳು ಮತ್ತು ನೆನಪಿನ ಬಗ್ಗೆ ಸಂಶೋಧನೆ ಮಾಡುವವಳು. ಜೇನುಹುಳ ಹೊಸ ಊರನ್ನು ಹೇಗೆ ಕಲಿಯುತ್ತದೆ, ಹಳೆಯ ಊರನ್ನು ಮರೆಯುತ್ತದೆಯೇ ಎಂದು ಅವಳು ನೋಡಬೇಕಿತ್ತು. ಶಿವಮೊಗ್ಗದಲ್ಲಿ ಗಣಿತ ಪಾಠ ಹೇಳಿಕೊಂಡು ಸುಖವಾಗಿದ್ದ ನನ್ನನ್ನು, "ಭಾವ, ಒಂದು ವಾರ ಅಷ್ಟೇ" ಎಂದು ಎಬ್ಬಿಸಿಕೊಂಡು ಬಂದಿದ್ದಳು. ನನಗೋ ಜೇನು ಎಂದರೆ ಜೀವಭಯ.

ಪೆಟ್ಟಿಗೆ ವಂಡ್ಸೆಯ ಗಿರಿಜಮ್ಮನದು. ಜೇನು ಮಾರಿ ಮನೆ ನಡೆಸುವ ಆಕೆ ಬಾಗಿಲಿನವರೆಗೂ ಬಂದು ಮತ್ತೆ ಮತ್ತೆ ಹೇಳಿದ್ದರು: "ಹ್ವಾಯ್, ನಂಗಿಪ್ಪುದ್ ಇದೊಂದೇ ಪೆಟ್ಗಿ. ಮನಿ ಮರ್ತ್ ಓಡಿ ಹೋರೆ ನಾ ಎಂತ ಮಾಡುದ್? ತಕಂಡ್ ಹೋದಂಗೇ ತಂದ್ ಕೊಡ್ಕ್." ಶೈಲಜಾ ಒಪ್ಪಿ ತಲೆಯಾಡಿಸಿದಳು. ಹುಳಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಯ ಬಾಯಿಗೆ ಬಲೆ ಕಟ್ಟಿದ್ದಳು. ಅದಕ್ಕೂ ಮೊದಲು, ಮೇವಿಗೆ ಹೋಗಿ ಬರುತ್ತಿದ್ದ ಹಳೆಯ ಹುಳಗಳ ಬೆನ್ನಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟಿದ್ದಳು.

ಹೆಮ್ಮಾಡಿಯಲ್ಲಿ ಹೆದ್ದಾರಿ ಸಿಕ್ಕಿತು. ಕುಂದಾಪುರದಲ್ಲಿ ಬನ್ಸ್ ತಿಂದು ಚಹಾ ಕುಡಿದೆವು, ಅದೂ ಸರದಿಯ ಮೇಲೆ. ಪೆಟ್ಟಿಗೆಯ ಬಳಿ ಒಬ್ಬರು ಇರಲೇಬೇಕೆಂದು ಶೈಲಜಾಳ ಅಪ್ಪಣೆ. ನನ್ನ ಸರದಿಯಲ್ಲಿ ನಾನು ಓಮ್ನಿಯ ಹೊರಗೇ ನಿಂತು ಕಾವಲು ಕಾದೆ. ಸಾಸ್ತಾನದಲ್ಲಿ ಪಶ್ಚಿಮಕ್ಕೆ ತಿರುಗಿ ಹಂಗಾರಕಟ್ಟೆ ಮುಟ್ಟಿದಾಗ ವಂಡ್ಸೆಯಿಂದ ನಲವತ್ತು ಕಿಲೋಮೀಟರಿನಷ್ಟು ಆಗಿತ್ತು. ಹುಳಗಳು ಹಾರಿಕೊಂಡು ವಾಪಸ್ ಹೋಗಲಾರದಷ್ಟು ದೂರ.

ನಮಗೆ ಜಾಗ ಕೊಟ್ಟವರು ದೋಣಿ ಕಟ್ಟುವ ಮಂಜಣ್ಣ. ಅವರ ಅಂಗಳದ ತುದಿಯಲ್ಲಿ, ಅಳಿವೆಗೆ ಮುಖಮಾಡಿ, ಎರಡು ಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟೆವು. ಬೆಳಿಗ್ಗೆ ಬಲೆ ಬಿಚ್ಚಿದಾಗ ನಾನು ಜಗಲಿಯ ಕಂಬದ ಮರೆಯಲ್ಲಿದ್ದೆ. ಆದರೂ ಕಂಡಿತು. ಹೊರಬಂದ ಹುಳ ನೇರ ಹೋಗಲಿಲ್ಲ. ಹಿಂದಕ್ಕೆ ತಿರುಗಿ, ಪೆಟ್ಟಿಗೆಗೆ ಮುಖಮಾಡಿ, ಅತ್ತಿತ್ತ ತೂಗಾಡಿ, ಸುತ್ತು ದೊಡ್ಡದು ಮಾಡುತ್ತಾ ದೂರ ಹೋಯಿತು. "ಹೊಸ ಮನೆಯ ಗುರುತು ಹಾಕಿಕೊಳ್ಳುತ್ತಿವೆ ಭಾವ!" ಎಂದು ಶೈಲಜಾ ಕುಣಿದಳು. ಆ ಖುಷಿಯಲ್ಲೇ ಇಬ್ಬರೂ ಸಾಸ್ತಾನಕ್ಕೆ ತಿಂಡಿಗೆ ಹೋದೆವು.

ತಿರುಗಿ ಬಂದಾಗ ಕಲ್ಲಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಪೆಟ್ಟಿಗೆಯಿದ್ದ ಎತ್ತರದಲ್ಲೇ, ಬರಿಯ ಗಾಳಿಯಲ್ಲಿ, ನೂರಾರು ಹುಳಗಳು ಸುತ್ತುತ್ತಿದ್ದವು. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದವು, ಇಳಿಯಲು ಮನೆಯೇ ಇಲ್ಲ. ಕೆಲವು ದಣಿದು ಮರಳಿಗೆ ಬೀಳುತ್ತಿದ್ದವು. ನನಗೆ ಗಿರಿಜಮ್ಮನ ಮುಖ ನೆನಪಾಯಿತು.

"ಮಂಜಣ್ಣ, ಪೆಟ್ಟಿಗೆ ಎಲ್ಲಿ?" ಎಂದು ಶೈಲಜಾ ಕೂಗಿದಳು.

ಮಂಜಣ್ಣ ದೋಣಿಯ ಹಿಂದಿನಿಂದ ನಗುತ್ತಾ ಬಂದರು. "ಇಲ್ಲೇ ಇತ್ತಲೆ. ಬಿಸ್ಲಿಗೆ ಹಲ್ಗಿ ಒಡಿತ್ತಲ್ದಾ? ಅದ್ಕೇ ನೆಳ್ಳಿಗೆ ಇಟ್ಟೆ." ಬಿಸಿಲಿನಲ್ಲಿ ಮರದ ಹಲಗೆ ಕಂಡರೆ ದೋಣಿ ಕಟ್ಟುವವರ ಕೈ ಸುಮ್ಮನಿರುವುದಿಲ್ಲ. ಹಲಗೆ ಬಿರಿದರೆ ದೋಣಿಯೇ ಕೆಟ್ಟಂತೆ. ಪೆಟ್ಟಿಗೆಯನ್ನು ಹತ್ತು ಮಾರು ಆಚೆ ದೋಣಿಯ ನೆರಳಿಗೆ ಒಯ್ದು, ತಮ್ಮ ಹಲಗೆಗಳಿಗೆ ಮಾಡುವಂತೆ ಮೇಲೊಂದು ಒದ್ದೆ ಗೋಣಿಯನ್ನೂ ಹೊದೆಸಿದ್ದರು.

"ಮನಿ ಕಣ್ಣೆದ್ರೇ ಇತ್ತಲ್ದಾ, ಅವ್ಕೆ ಕಾಂತಿಲ್ಯಾ?" ಎಂದರು.

"ಅವು ಗುರುತಿಟ್ಟುಕೊಂಡದ್ದು ಪೆಟ್ಟಿಗೆಯನ್ನಲ್ಲ ಮಂಜಣ್ಣ, ಅದಿದ್ದ ಜಾಗವನ್ನು" ಎಂದಳು ಶೈಲಜಾ.

ಪೆಟ್ಟಿಗೆಯ ಒಂದು ಬದಿ ಮಂಜಣ್ಣ, ಇನ್ನೊಂದು ಬದಿ ನಾನು. ಹೆದರಲು ಪುರುಸೊತ್ತೇ ಇರಲಿಲ್ಲ. ಕಲ್ಲಿನ ಮೇಲೆ ಇಟ್ಟದ್ದೇ ತಡ, ಗಾಳಿಯಲ್ಲಿದ್ದ ಹುಳಗಳೆಲ್ಲ ದಬದಬನೆ ಇಳಿದು ಒಳಗೆ ನುಗ್ಗಿದವು. ನಾನು ಮರಳಿನ ಮೇಲೇ ಕುಳಿತುಬಿಟ್ಟೆ. ಅಬ್ಬಾ, ಉಳಿಯಿತು! ಮಂಜಣ್ಣ ನಾಲ್ಕು ಗೂಟ ಹುಗಿದು ಪೆಟ್ಟಿಗೆಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದರು. ಮಧ್ಯಾಹ್ನ ಅವರ ಮನೆಯ ಗಂಜಿ, ಒಣ ಸಿಗಡಿ ಚಟ್ನಿ ನನಗೆ ಹಬ್ಬದೂಟಕ್ಕಿಂತ ರುಚಿಸಿತು.

ವಾರ ಕಳೆದು ಮುಸ್ಸಂಜೆಗೆ ವಂಡ್ಸೆಗೆ ಮರಳಿದೆವು. ಗಿರಿಜಮ್ಮ ಪೆಟ್ಟಿಗೆಗೆ ಕಿವಿಯಿಟ್ಟು ಸದ್ದು ಕೇಳಿದರು, ಆದರೂ ಮುಖ ಸಡಿಲಾಗಲಿಲ್ಲ. ಬೆಳಿಗ್ಗೆ ಹಳೆಯ ಜಾಗದಲ್ಲಿ ಬಲೆ ಬಿಚ್ಚಿದೆವು. ಮೊದಲು ಬಂದವೆಲ್ಲ ಚುಕ್ಕೆಯಿಲ್ಲದವು, ವಂಡ್ಸೆಯಲ್ಲಿ ಇನ್ನೂ ಗೂಡಿನಾಚೆ ಹಾರಿರದ ಎಳೆಯವು. ಹಿಂದಕ್ಕೆ ತಿರುಗಿ, ತೂಗಾಡಿ, ಗುರುತು ಹಾಕಿಕೊಂಡು ಹೋದವು. ಆಮೇಲೆ ಹಳದಿ ಚುಕ್ಕೆಯದೊಂದು ಬಂತು. ಅಂಚಿನಲ್ಲಿ ಒಂದು ಕ್ಷಣ ನಿಂತು, ತಿರುಗಿ ನೋಡದೆ, ನೇರ ಹಿತ್ತಿಲ ನೇರಳೆ ಮರದ ಕಡೆಗೆ ಹಾರಿತು. ನಾವು ಮೂವರೂ ಅಲ್ಲೇ ಕಾದೆವು. ಸ್ವಲ್ಪ ಹೊತ್ತಿಗೆ ಅದೇ ಚುಕ್ಕೆ ಪರಾಗ ಹೊತ್ತು ಬಂದು ಒಳಗೆ ಹೋಯಿತು.

"ಮನಿ ಮರ್ತಿಲ್ಲೆ ಕಾಣಿ!" ಎಂದು ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಶೈಲಜಾ ಏನನ್ನೂ ಬರೆದುಕೊಳ್ಳದೆ ಅವರ ಪಕ್ಕದಲ್ಲೇ ಕುಳಿತಳು.

ನಾವು ಹೊರಟಾಗ ಗಿರಿಜಮ್ಮ ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ಶೈಲಜಾ ಹಿಂದಿನ ಸೀಟಿನಲ್ಲಿ ಆಗಲೇ ನಿದ್ದೆಹೋಗಿದ್ದಳು. ತಿರುವಿನಲ್ಲಿ ನಾನು ಓಮ್ನಿ ನಿಲ್ಲಿಸಿ, ಕೆಳಗಿಳಿದು, ಹಿಂದಕ್ಕೆ ತಿರುಗಿ ಆ ಮನೆಯನ್ನೂ ನೇರಳೆ ಮರವನ್ನೂ ಸರಿಯಾಗಿ ನೋಡಿಕೊಂಡೆ. ಆ ಊರಿಗೆ ನಾನೂ ಹೊಸಬನೇ ತಾನೆ.