ಶನಿಯಾರ ಗೌಡರು ಹುಡುಕಿಕೊಟ್ಟ ದಪ್ಪ ಸ್ವರ

ಗುರುದತ್ತ ಮಾಸ್ತರರು ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ರಜೆ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದರು. ೨೦೦೧ರ ಏಪ್ರಿಲ್‌ನಲ್ಲಿ, ಮಾವಳ್ಳಿಯ ಮದುವೆ ಕಾರ್ಯಕ್ರಮಕ್ಕೆ ಮೂರೇ ದಿನ ಇರುವಾಗ, ಅವರ ಪೆಡಲ್ ಸತ್ತುಹೋಯಿತು. ಅಂಗೈಯಗಲದ ಕಬ್ಬಿಣದ ಡಬ್ಬಿ ಅದು. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಿನಿಂದ ಒತ್ತಿದರೆ ಸ್ವರಕ್ಕೆ ಗುಡುಗಿನ ಒರಟುತನ ಬರುತ್ತಿತ್ತು. ರಿಪೇರಿ ಆಗುವುದಿಲ್ಲ, ಹೊಸದು ತಗೊಳ್ಳಿ ಎಂದು ರಿಪೇರಿಯವರೆಲ್ಲ ಕೈಚೆಲ್ಲಿದರು.

"ಹೊನ್ನಾವರದಲ್ಲಿ ರೇಡಿಯೊ ರಿಪೇರಿ ಶನಿಯಾರ ಗೌಡ್ರು ಇದಾರೆ. ತೋರ್ಸಿ ನೋಡಿ," ಎಂದ ಡ್ರಮ್ ಬಾರಿಸುವ ಪ್ರವೀಣ.

ಗೌಡರು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಹಳೆಯ ರೇಡಿಯೊಗಳನ್ನು ಬಿಚ್ಚಿ ಕಟ್ಟಿಯೇ ವಿದ್ಯೆ ಕಲಿತವರು. ಸುಗ್ಗಿಯ ಹೊತ್ತಿಗೆ ಮಾತ್ರ ಅಂಗಡಿ ಮುಚ್ಚಿ, ಊರಿನ ತಂಡದೊಂದಿಗೆ ಒಂದು ಬಾಯಿಗೆ ಚರ್ಮ ಬಿಗಿದು ಇನ್ನೊಂದನ್ನು ತೆರೆದಿಟ್ಟ ಮಣ್ಣಿನ ವಾದ್ಯ ಗುಮಟೆ ಬಾರಿಸಲು ಹೋಗುತ್ತಿದ್ದರು.

"ಇದೆಂತದು ಮಾಸ್ತರ್ರೆ? ನಾ ಕಂಡದ್ದೇ ಇಲ್ಲ," ಎಂದರು ಗೌಡರು, ಮಾಸ್ತರರು ಅಂಗಡಿಗೆ ತಂದ ಪೆಡಲನ್ನು ತಿರುಗಿಸಿ ನೋಡುತ್ತ.

ಮಾಸ್ತರರು ವಾಪಸು ಪಡೆಯಲು ಕೈ ಚಾಚಿದರು. ಗೌಡರು ಕೊಡಲಿಲ್ಲ. ಡಬ್ಬಿ ಬಿಚ್ಚಿ, ಉಪ್ಪುಗಾಳಿಗೆ ಹಿಡಿದ ಹಸಿರು ಕಿಲುಬನ್ನು ಬ್ರಷ್ಷಿನಿಂದ ತಿಕ್ಕಿದರು. ಭೂತಗನ್ನಡಿ ಹಿಡಿದು ಹುಡುಕಿ, ಬಿರುಕು ಬಿಟ್ಟಿದ್ದ ಒಂದು ಬೆಸುಗೆಯನ್ನು ಕಾಯಿಸಿ ಕೂಡಿಸಿದರು. ಪೆಡಲಿನ ಕೆಂಪು ದೀಪ ಹೊತ್ತಿತು.

ಮಾಸ್ತರರು ಜತೆಗೆ ತಂದಿದ್ದ ಗಿಟಾರನ್ನು ಅಂಗಡಿಯ ಸ್ಪೀಕರಿಗೆ ಜೋಡಿಸಿ ಖುಷಿಯಲ್ಲಿ ನುಡಿಸಿ ತೋರಿಸಿದರು. ಗೌಡರ ಮುಖ ಮಾತ್ರ ಅರಳಲಿಲ್ಲ.

"ಒತ್ತದೆ ಬಾರ್ಸಿ. ಹಾಂ, ಈಗ ಒತ್ತಿ," ಎಂದು ಮೂರು ಸಲ ಕೇಳಿದರು. "ಒತ್ತಿದ ಕೂಡ್ಲೆ ದಪ್ಪ ಸ್ವರ ಎಲ್ಲೋ ಹೋತದಲ್ಲ. ಗುಮಟೆ ಬಾಯಿಗೆ ಕೈ ಇಟ್ಟಂಗೆ."

ಮಾಸ್ತರರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಪೆಡಲ್ ಒತ್ತಿದಾಗಲೆಲ್ಲ ಹಾಡಿನ ಬುಡವೇ ಕಳಚಿದಂತಾಗುವುದು ತಮ್ಮ ಬೆರಳಿನ ದೋಷವೆಂದು ಅವರು ಆರು ವರ್ಷ ನಂಬಿದ್ದರು.

"ಇದನ್ನ ಸಾದಾ ಗಿಟಾರಿಗೆ ಮಾಡಿದ್ದಿರ್ಬೇಕು. ಒಳಗೆ ಹೋಗೋ ದಾರಿ ಸಪೂರ. ತೆಳು ಸ್ವರ ನುಸೀತದೆ, ದಪ್ಪದ್ದು ಹೊರಗೇ ಉಳೀತದೆ," ಎಂದರು ಗೌಡರು.

ಕೆಟ್ಟ ರೇಡಿಯೊವೊಂದರಿಂದ ದೊಡ್ಡ ಕೆಪ್ಯಾಸಿಟರ್ ಕಿತ್ತು, ಪೆಡಲಿನಲ್ಲಿ ಸ್ವರವನ್ನು ಒಳಬಿಡುತ್ತಿದ್ದ ಚಿಕ್ಕದನ್ನು ತೆಗೆದು ಅಲ್ಲಿಗೆ ಬೆಸೆದರು. ಸರಿಬರಲಿಲ್ಲ. ಬಿಡಿಸಿ ಮತ್ತೊಂದು, ಆಮೇಲೆ ಮಗದೊಂದು. ಪ್ರತಿ ಸಲವೂ ಕಣ್ಣು ಮುಚ್ಚಿ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೇಳಿದರು. ಐದನೆಯದಕ್ಕೆ ಸ್ವರ ನೆಲದಿಂದೆದ್ದು ಮಾಸ್ತರರ ಮೊಣಕಾಲು ಹತ್ತಿ ಎದೆಗೆ ಬಂತು. ಕಪಾಟಿನ ಗಾಜು ನಡುಗಿತು. ಪಕ್ಕದ ಚಹಾದಂಗಡಿಯ ನಾಗಿ ಲೋಟ ಹಿಡಿದೇ ಓಡಿಬಂದು, "ಎಂತ ಆತು ಗೌಡ್ರೆ?" ಎಂದಳು. ಮಾಸ್ತರರು ಅದೇ ಸ್ವರವನ್ನು ಮತ್ತೊಮ್ಮೆ ನುಡಿಸಿದರು.

ಮನೆಗೆ ಹೋದವರೇ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಅತಿ ತಗ್ಗಿನ ಸ್ವರವೂ ಸೋರದಂತೆ ದಾಟಲು ಬೇಕಾದ ಕೆಪ್ಯಾಸಿಟರಿನ ಅಳತೆ, ಗೌಡರು ಅಂಗೈಯಲ್ಲಿ ಆರಿಸಿದ್ದಕ್ಕೆ ಹೆಚ್ಚುಕಡಿಮೆ ಸರಿಹೊಂದಿತು. ಮತ್ತೆ ಮತ್ತೆ ಲೆಕ್ಕ ಮಾಡಿದರು. ಅದೇ ಉತ್ತರ.

ಮಾವಳ್ಳಿಯ ಚಪ್ಪರದಡಿ ಆ ಸ್ವರ ಕೇಳಿದ ಮೇಲೆ, ಭಟ್ಕಳದಿಂದ ಕಾರವಾರದವರೆಗಿನ ಬೇಸ್ ನುಡಿಸುವವರು ತಮ್ಮ ತಮ್ಮ ಪೆಡಲ್ ಹಿಡಿದು ಹೊನ್ನಾವರದಲ್ಲಿ ಬಸ್ಸಿಳಿಯತೊಡಗಿದರು.

೨೦೦೭ರಲ್ಲೊಂದು ದಿನ ಮಾಸ್ತರರು ಗಿಟಾರನ್ನು ಗೌಡರ ತೊಡೆಯ ಮೇಲಿಟ್ಟು, "ನೀವೊಂದು ಸಲ ಬಾರ್ಸಿ," ಎಂದರು. ಗೌಡರು ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದರು. ಅದು ಪೂರ್ತಿ ಆರುವವರೆಗೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೇಳಿದರು.

"ಇದೊಂದೇ ಸಾಕು, ಮಾಸ್ತರ್ರೆ," ಎಂದರು ಗೌಡರು.